ಬುದ್ಧ ಕಾಣದ ಕಲ್ಲು

ಕಲ್ಲಿನ ಮೇಲೆ ನಿಂತ ನಂದಿನಿ ಮೇಡಂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಎದುರಿನ ಗುಡ್ಡಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ರಾಧಿಕಾ, ಬುದ್ಧ ಎಲ್ಲಿ?"

ರಾಧಿಕಾ ತಾನೂ ನೋಡಿದಳು. ಮಲಗಿದ ಬುದ್ಧನಂತೆ ಕಾಣಬೇಕಿದ್ದ ಗುಡ್ಡಗಳು ಅವು. ಹೊಟ್ಟೆ ಇತ್ತು, ಎದೆ ಇತ್ತು, ಹಣೆಯೂ ಇತ್ತು. ಆದರೆ ಮೂಗು ಇರಬೇಕಾದ ಕಡೆ ಬರೀ ಆಕಾಶ. ಮೂಗಿಲ್ಲದ ಮೇಲೆ ಮುಖವಿಲ್ಲ. ಮುಖವಿಲ್ಲದ ಮೇಲೆ ಬುದ್ಧನಿಲ್ಲ. ಎದುರಿಗೆ ಉಳಿದದ್ದು ನಾಲ್ಕು ಬೋಳು ಗುಡ್ಡ, ಅಷ್ಟೆ.

ಶಹಾಪುರದ ಹೊರಗೆ, ಭೀಮರಾಯನಗುಡಿ ರಸ್ತೆಯ ಬದಿಯ ಹೊಲ ಅದು. ಹೊಲ ಅಂಬ್ರಪ್ಪನದು. ಅವನ ತಂದೆ ಭೀಮರಾಯ ಎಷ್ಟೋ ಸಂಜೆ ಹೊಲದ ತುಂಬ ಅಡ್ಡಾಡಿ, ಮಲಗಿದ ಬುದ್ಧ ಹಣೆಯಿಂದ ಪಾದದವರೆಗೆ ಪೂರ್ತಿ ಕಾಣುವ ಒಂದು ಜಾಗ ಹುಡುಕಿ, ಅಲ್ಲೊಂದು ಅಗಲವಾದ ಚಪ್ಪಡಿ ಹಾಕಿಸಿದ್ದ. ಅದರ ಮೇಲೆ ನಿಂತರೆ ಗುಡ್ಡಗಳು ಒಂದಕ್ಕೊಂದು ಸೇರಿ ಅಂಗಾತ ಮಲಗಿದ ಮನುಷ್ಯನಾಗುತ್ತಿದ್ದವು. ಬುದ್ಧ ಪೂರ್ಣಿಮೆಗೆ ಆ ಮನೆಯವರು ಅಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು. ಊರವರ ಬಾಯಲ್ಲಿ ಅದು 'ನೋಡೋ ಕಲ್ಲು'.

ಪ್ರವಾಸೋದ್ಯಮ ಇಲಾಖೆ ಈ ವರ್ಷ ಜಿಲ್ಲೆಯಲ್ಲಿ ಒಂದೇ ಒಂದು ವೀಕ್ಷಣಾ ಕಟ್ಟೆ ಕಟ್ಟಲಿತ್ತು. ಯಾದಗಿರಿಯ ಕೋಟೆಯೂ ಬೋನಾಳದ ಹಕ್ಕಿ ಕೆರೆಯೂ ಸಾಲಿನಲ್ಲಿದ್ದವು. ಇಲಾಖೆಯ ಗುತ್ತಿಗೆ ನೌಕರಳಾದ ರಾಧಿಕಾ ಹಟ ಹಿಡಿದು ಈ ಹೊಲವನ್ನು ಮೊದಲ ಸ್ಥಾನಕ್ಕೆ ತಂದಿದ್ದಳು. 'ಈ ಕಲ್ಲಿನಿಂದ ಬುದ್ಧ ಪೂರ್ತಿ ಕಾಣುತ್ತಾನೆ' ಎಂದು ವರದಿಯಲ್ಲಿ ಬರೆದವಳು ಅವಳೇ. ಅದನ್ನು ಕಣ್ಣಾರೆ ನೋಡಿ ಒಪ್ಪಿಗೆ ಕೊಡಲೆಂದೇ ಕಲಬುರಗಿಯಿಂದ ಸಹಾಯಕ ನಿರ್ದೇಶಕಿ ನಂದಿನಿ ಬಂದಿದ್ದರು.

"ಕಾಣ್ತಾನಲ್ರಿ ಮೇಡಂ!"

ಹೇಳಿದವನು ಬಸಲಿಂಗ. ಮುದನಾಳದವನು. ಪ್ರವಾಸಿಗರನ್ನು ತನ್ನ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಯಾದಗಿರಿ, ಶಹಾಪುರ, ಸುರಪುರ ತೋರಿಸುವುದು ಅವನ ಕಸುಬು. ಮೇಡಂ ಎದುರು ಎದೆಯುಬ್ಬಿಸಿ ನಿಂತು, ಭುಜದ ಮೇಲಿಂದ ಹಿಂದಕ್ಕೆ ಕೈ ಚಾಚಿ ತೋರಿಸಿದ.

"ಇದು ಹಣಿ. ಇದು ಮೂಗು. ಇದು ಗದ್ದ. ಕೆಳಗ ಎದಿ, ಎದಿ ಮ್ಯಾಲ ಕೈ. ಶಾಂತ ಮಕ್ಕೊಂಡಾನ ನೋಡ್ರಿ."

"ನೀವು ತೋರಿಸಿದ ಕಡೆ ಮೂಗಿಲ್ಲ."

"ಮಂಜ್ರೀ ಮೇಡಂ. ಸಂಜಿಗೆ ಬರ್ರಿ, ಚಂದ ಕಾಣ್ತಾನ."

"ಮಂಜು ಎಲ್ಲಿದೆ? ಗುಡ್ಡದ ಮೇಲಿನ ಗಿಡ ಸಹ ಕಾಣುತ್ತಿದೆ."

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಗುರಣ್ಣ ಬಂದ. ತುಸು ದೂರದ ಧಾಬಾದ ಮಾಲೀಕ. ಹಣೆಯ ಮೇಲೆ ಅರಿಶಿನದ ಭಂಡಾರ, ಮುಖದ ಮೇಲೆ ನಗು.

"ನಾ ಮೊದಲs ಹೇಳಿದ್ದೆನ್ರಿ. ಈ ಹೊಲದಾಗ ಏನೂ ಕಾಣಂಗಿಲ್ಲ. ನಮ್ಮ ಧಾಬಾದ ಹಿಂದ ಬರ್ರಿ. ಬುದ್ಧನೂ ಕಾಣ್ತಾನ, ಚಾನೂ ಸಿಗ್ತದ."

"ನಿಮ್ಮ ಧಾಬಾದ ಹಿಂದ ಕಾಣೋದು ನಿಮ್ಮ ಕೋಳಿಗೂಡು, ಗುರಣ್ಣ. ನಾ ನೋಡೇನಿ."

ಹೀಗೆಂದವರು ಛತ್ರಿ ಊರಿಕೊಂಡು ರಸ್ತೆಯಂಚಿಗೆ ನಿಂತಿದ್ದ ಮಜೀದಾ ಟೀಚರ್. ಸುರಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ರಾಧಿಕಾಳಿಗೂ ಕಲಿಸಿದವರು. ಶಾಲೆಯಲ್ಲಿ ಏನು ಕಳೆದರೂ ಹುಡುಗರು ಪೊಲೀಸರಿಗಿಂತ ಮೊದಲು ಅವರ ಬಳಿ ಓಡುತ್ತಿದ್ದರು. ಕಳೆದದ್ದು ಸಿಗುತ್ತಿತ್ತು, ಕದ್ದವನೂ ಸಿಗುತ್ತಿದ್ದ. 'ಒಳ್ಳೆ ದಿನ, ನೀವೂ ಬರ್ರಿ' ಎಂದು ರಾಧಿಕಾ ಇಂದು ಅವರನ್ನು ಕರೆದಿದ್ದಳು.

ಗುರುಮಠಕಲ್ ಬಸ್ಸು ರಸ್ತೆಯಲ್ಲಿ ನಿಂತಿತು. ಮಗಳ ಊರಿಗೆ ಹೋಗಿದ್ದ ಅಂಬ್ರಪ್ಪ ಇಳಿದು, ಚೀಲ ಹೆಗಲಿಗೇರಿಸಿ ಹೊಲಕ್ಕೆ ಬಂದ. ಬಂದವನು ಕಲ್ಲಿನ ಮುಂದೆ ಗಕ್ಕನೆ ನಿಂತ.

"ಈ ಕಲ್ಲು ಇಲ್ಲಿ ಯಾರು ತಂದ್ರು?"



"ಅಂದ್ರ — ಇದು ಇಲ್ಲಿ ಇದ್ದಿದ್ದಿಲ್ಲೇನು?" ಮಜೀದಾ ಟೀಚರ್ ಕೇಳಿದರು.

"ಇಲ್ರೀ ಅಕ್ಕೋರ! ರಸ್ತಾ ಬಾಜು ಯಾಕ ಇಡ್ತಾನ ನಮ್ಮಪ್ಪ? ಕಲ್ಲು ಒಳಗಿತ್ತು. ಅಲ್ಲಿ, ಗಡಿ ಒಡ್ಡಿನ ಸನೇದಾಗ."

"ಅಲ್ಲಿ ಅಂದ್ರ ಎಲ್ಲಿ? ಬರಾಬ್ಬರಿ ತೋರ್ಸು."

ಅಂಬ್ರಪ್ಪ ಕೈ ಎತ್ತಿದ. ಕೈ ಅತ್ತಿತ್ತ ಆಡಿತು. ಕಣ್ಣಿಗೆ ಪೊರೆ ಬಂದ ಮನುಷ್ಯ. ಹತ್ತಿ ಬಿಡಿಸಿ ಕಟ್ಟಿಗೆ ಕಿತ್ತ ಹೊಲ ಬಟಾಬಯಲಾಗಿತ್ತು. ಕಳೆದ ವಾರ ಬಿಟ್ಟು ಬಿಟ್ಟು ಸುರಿದ ಅಕಾಲ ಮಳೆ ಕಲ್ಲಿದ್ದ ಕುಳಿಯನ್ನೂ ಮುಚ್ಚಿತ್ತು. ಬೆಳೆ ಆಳೆತ್ತರ ಇದ್ದಾಗ ಒಮ್ಮೆ ಮಾತ್ರ ಬಂದು ಹೋಗಿದ್ದ ರಾಧಿಕಾಳಿಗೆ ಕಲ್ಲು ಸರಿದದ್ದೇ ತಿಳಿದಿರಲಿಲ್ಲ; ಈಗ ಗುರುತೂ ಸಿಗಲಿಲ್ಲ.

"ನಾ ಹೇಳ್ತೇನಿ ಬರ್ರಿ," ಗುರಣ್ಣ ಮುಂದೆ ಬಂದ. "ಕಲ್ಲು ಒಡ್ಡಿನ ಆಚೆ ಇತ್ತು. ಅದು ನಮ್ಮ ದೊಡ್ಡಪ್ಪನ ಹೊಲ. ಕಟ್ಟಿ ಕಟ್ಟೋದಾದ್ರ ನಮ್ಮ ಜಾಗದಾಗ ಕಟ್ರಿ."

"ಸುಳ್ಳು!" ಅಂಬ್ರಪ್ಪ ಚೀಲ ಕೆಳಗೆ ಹಾಕಿದ. "ನಮ್ಮಪ್ಪ ಮಂದಿ ಹೊಲದಾಗ ಕಲ್ಲು ಇಡ್ತಾನೇನು?"

ನಂದಿನಿ ಮೇಡಂ ಕಲ್ಲಿನಿಂದ ಇಳಿದರು.

"ನೋಡಿ ರಾಧಿಕಾ. ಕಲ್ಲು ಸರಿದಿದೆ. ಯಾರು ಸರಿಸಿದರೋ ಗೊತ್ತಿಲ್ಲ. ಎಲ್ಲಿತ್ತು ಎನ್ನುವುದಕ್ಕೂ ಜಗಳ. ತಂಟೆಯ ಜಾಗಕ್ಕೆ ನಾನು ಸಹಿ ಹಾಕುವುದಿಲ್ಲ. ಸುರಪುರ, ಬೋನಾಳ ನೋಡಿಕೊಂಡು ಸಂಜೆ ಇದೇ ದಾರಿಯಲ್ಲಿ ಬರುತ್ತೇನೆ. ಅಷ್ಟರಲ್ಲಿ ಕಲ್ಲು ಸರಿಸಿದವರು ಯಾರು, ಅದು ಎಲ್ಲಿತ್ತು — ಎರಡೂ ಖಚಿತವಾಗಿ ಹೇಳಿದರೆ ಸರಿ. ಇಲ್ಲದಿದ್ದರೆ ಕಟ್ಟೆ ಬೋನಾಳಕ್ಕೆ ಹೋಗುತ್ತದೆ. ಬೇಕಾದರೆ ಪೊಲೀಸರಿಗೆ ತಿಳಿಸಿ."

ಜೀಪು ಹೊರಟಿತು. ಅಂಬ್ರಪ್ಪ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಅದರ ಮೇಲಿನ ಕೆಸರನ್ನು ಅಂಗೈಯಿಂದ ಒರೆಸತೊಡಗಿದ.

"ಟೀಚರ್…" ರಾಧಿಕಾ ಕಣ್ಣೊರೆಸಿಕೊಂಡಳು.

"ಅಳೋದು ಆಮ್ಯಾಲ, ಬೇಟಾ. ಮೊದಲು ಹಾರಿ ತಗೊಂಡು ಬಾ. ಕಲ್ಲು ಎತ್ತಿ ನೋಡೋಣ."

ಹಾರೆ ಹಾಕಿ ಚಪ್ಪಡಿಯ ಒಂದು ಮಗ್ಗುಲು ಮೀಟಿದರು. ಮಜೀದಾ ಟೀಚರ್ ಬಗ್ಗಿ ಇಣುಕಿದರು. ಕೆಳಗೆ ಸಣ್ಣ ಕಲ್ಲು ಜೋಡಿಸಿ ಮಟ್ಟ ಮಾಡಿದ್ದರು. ಅದರ ಮೇಲೆ ಒಂದು ಮುಷ್ಟಿ ಹಳದಿ ಪುಡಿ. ಒದ್ದೆಯಾಗಿ ಮೆತ್ತಿಕೊಂಡಿತ್ತು.

"ಇದೇನು?"

"ಭಂಡಾರ," ಎಂದ ಅಂಬ್ರಪ್ಪ. "ಮೈಲಾಪುರ ಮಲ್ಲಯ್ಯ ದೇವರದು. ನಾವು ಈ ಕಲ್ಲಿಗೆ ಹಾಕಂಗಿಲ್ಲ ಅಕ್ಕೋರ."

ಮಜೀದಾ ಟೀಚರ್ ಚಪ್ಪಡಿಯ ಅಂಚಿನ ಮೇಲೆ ಬೆರಳಾಡಿಸಿದರು. ಎರಡು ಮೂಲೆಗಳಲ್ಲಿ ಕಲ್ಲಿಗೆ ಹತ್ತಿದ್ದ ಹಸಿರು ಪಾಚಿ ಪಟ್ಟಿಯಂತೆ ಉಜ್ಜಿ ಹೋಗಿತ್ತು. ಹಗ್ಗ ಬಿಗಿದ ಗುರುತು. 

ಮೊದಲು ಗುರಣ್ಣನ ಧಾಬಾ.

"ಗುರಣ್ಣ, ಹೋದ ವಾರ ಮಳಿ ಬಂದಾಗ ಎಲ್ಲಿದ್ದಿ?"

"ಎಲ್ಲಿರ್ತೇನ್ರಿ ಅಕ್ಕೋರ? ಇಲ್ಲೇ, ಒಲಿ ಮುಂದ."

"ಹೊಲದಾಗ ಯಾರರೆ ಕಲ್ಲು ಎಳಿಯೋದು ನೋಡಿದೇನು?"

"ಮಳ್ಯಾಗ ನಾ ಭಜಿ ಕರೀಲೋ, ಅಂಬ್ರಪ್ಪನ ಹೊಲ ಕಾಯ್ಲೋ?"

"ಭಂಡಾರ ಹಚ್ಚೀಯಲ್ಲ ಹಣಿಗೆ?"

"ಹಚ್ಚೇನಿ. ಇವನೂ ಹಚ್ಚ್ಯಾನ, ಅವನೂ ಹಚ್ಚ್ಯಾನ." ಗುರಣ್ಣ ಕೂತ ಗಿರಾಕಿಗಳತ್ತ ಕೈ ಬೀಸಿದ. "ಈ ಭಾಗದಾಗ ಮಲ್ಲಯ್ಯನ ಭಂಡಾರ ಇಲ್ಲದ ಮನಿ ತೋರ್ಸ್ರಿ. ನನ್ನ ಮ್ಯಾಲ ಗುಮಾನಿ ಇದ್ರ ಸೀದಾ ಹೇಳ್ರಿ."

"ಗುಮಾನಿ ಎಲ್ಲರ ಮ್ಯಾಲೂ ಅದ. ನಿನ್ನ ಮ್ಯಾಲ ಜರಾ ಜಾಸ್ತಿ."

"ಕಲ್ಲಿನ ಕೆಲಸ ಅಂದ್ರ ಮಲ್ಕಪ್ಪ. ಒಡ್ಡು ಕಟ್ಟಾವ ಅವನೇ, ಗಡಿ ಕಲ್ಲು ಇಡಾವ ಅವನೇ. ವನದುರ್ಗದಾಗ ಕೆಲಸ ಹಿಡದಾನ. ಹೋಗಿ ಅವನ್ನ ಕೇಳ್ರಿ."

ಬಸಲಿಂಗ ಟಂಟಂ ತಿರುಗಿಸಿದ. "ಹತ್ರಿ ಟೀಚರಮ್ಮ. ವನದುರ್ಗ ತೋರ್ಸೇ ಬಿಡ್ತೇನಿ."

"ತೋರ್ಸೋದು ಬ್ಯಾಡ, ಮುಟ್ಟಿಸು ಸಾಕು."

ಹತ್ತುವಾಗ ಸೀಟಿನ ಕೆಳಗೆ ಏನೋ ಕಾಲಿಗೆ ಸಿಕ್ಕಿ ಮಜೀದಾ ಟೀಚರ್ ಮುಗ್ಗರಿಸಿದರು. ನೈಲಾನ್ ಹಗ್ಗದ ಸುರುಳಿ. ಒಣಗಿದ ಕಪ್ಪು ಎರೆ ಮಣ್ಣು ಅದಕ್ಕೆ ಗಟ್ಟಿಯಾಗಿ ಹಿಡಿದಿತ್ತು.

"ಗಾಡಿ ಕೆಟ್ಟು ನಿಂತ್ರ ಎಳ್ಯಾಕ್ರೀ," ಎಂದ ಬಸಲಿಂಗ, ಕನ್ನಡಿಗೆ ತೂಗುಬಿಟ್ಟಿದ್ದ ಭಂಡಾರದ ಚೀಲ ಸರಿಪಡಿಸುತ್ತ. "ಕಾಲು ಮ್ಯಾಲ ಇಟ್ಕೊರ್ರಿ."

ದಾರಿಯುದ್ದಕ್ಕೂ ಅವನ ಬಾಯಿ ಬಿಡುವು ಪಡೆಯಲಿಲ್ಲ. ಎಲ್ಲಿ ಯಾವ ರಾಜ, ಯಾವ ಬಾವಿ, ಯಾವ ಬಾಗಿಲು — ಎಲ್ಲ ಬಾಯಿಪಾಠ.

"ಬೋನಾಳಕ್ಕ ಮಂದಿನ್ನ ಕರ್ಕೊಂಡು ಹೋಗಂಗಿಲ್ಲೇನು?" ರಾಧಿಕಾ ಕೇಳಿದಳು.

"ಕಮ್ಮಿ ರೀ ಮೇಡಂ. ಹಕ್ಕಿ ಒಂದ ಕಡೆ ಕೂಡಂಗಿಲ್ಲ. ನಾ ಅಲ್ಲಿ ಅದ ಅನ್ನೂದ್ರಾಗ ಹಾರಿ ಹೋಗಿರ್ತದ. ಕೋಟಿ, ಗುಡ್ಡ, ಗುಡಿ — ಇವು ಛಲೋ. ಇಟ್ಟಲ್ಲೇ ಇರ್ತಾವ."

ಮಜೀದಾ ಟೀಚರ್ ನಕ್ಕರು. ನಗು ಅರ್ಧಕ್ಕೇ ನಿಂತಿತು. 

ವನದುರ್ಗದಲ್ಲಿ ಕೋಟೆಯ ನೆರಳಿಗೆ ಕುಳಿತು ಮಲ್ಕಪ್ಪ ರೊಟ್ಟಿ ತಿನ್ನುತ್ತಿದ್ದ. ಊರಿನ ಒಂದು ಮನೆಯ ಪಾಯದ ಕೆಲಸ. ಪ್ರಶ್ನೆ ಕೇಳಿ ಅವನಿಗೆ ಸಿಟ್ಟೇ ಬಂತು.

"ನಾ ಕಲ್ಲು ಇಡಾವ್ರೀ ಅಕ್ಕೋರ, ಕೀಳಾವ ಅಲ್ಲ."

"ಹೊಲದಾಗಿನ ಆ ಕಲ್ಲು ಮಟ್ಟಸ ಕೂತದ. ಕೆಳಗ ಸಣ್ಣ ಕಲ್ಲು ಜೋಡ್ಸಿ, ಭಂಡಾರ ಹಾಕ್ಯಾರ. ಕೈ ಯಾರದು?"

"ಭಂಡಾರ?" ಮಲ್ಕಪ್ಪ ರೊಟ್ಟಿ ಕೆಳಗಿಟ್ಟ. "ಹಂಗಾದ್ರ ಯಾವನೋ ಕಚ್ಚಾ ಮನಷ್ಯಾ. ಕಲ್ಲಿನ ಕೆಳಗ ಹಾಕೋದು ಇದ್ದಿಲಿ ರೀ. ಗಡಿ ಕಲ್ಲು ಕಿತ್ತು ಒಗದ್ರೂ ಇದ್ದಿಲಿ ಉಳೀತದ. ಕೊಳ್ಯಂಗಿಲ್ಲ, ಹುಳ ತಿನ್ನಂಗಿಲ್ಲ. ನಮ್ಮಪ್ಪ ಹಂಗs ಮಾಡ್ತಿದ್ದ, ನಾನೂ ಹಂಗs ಮಾಡ್ತೇನಿ."

ಮಜೀದಾ ಟೀಚರ್ ಛತ್ರಿ ನೆಲಕ್ಕೂರಿದರು.

"ಭೀಮರಾಯ ಆ ಕಲ್ಲು ಹಾಕ್ಸಿದ್ದು ಯಾರ ಕೈಲೆ?"

"ಮತ್ಯಾರ ಕೈಲೆ? ನಮ್ಮಪ್ಪನ ಕೈಲೆ."

"ಶಾಬಾಶ್! ಸಂಜಿಕ ಸಲಿಕಿ, ಹಾರಿ ತಗೊಂಡು ಅಂಬ್ರಪ್ಪನ ಹೊಲಕ್ಕ ಬಾ. ಬರ್ತೀಯಿಲ್ಲೋ?"

"ಕಳ್ಳನ್ನ ಹಿಡ್ಯಾಕೋ, ಕಲ್ಲು ಇಡ್ಯಾಕೋ?"

"ಎರಡಕ್ಕೂ."

ವನದುರ್ಗದಿಂದ ಸುರಪುರಕ್ಕೆ ಬಂದರು. ಮಜೀದಾ ಟೀಚರ್ ಮನೆಯಲ್ಲಿ ಊಟ. ರಾಧಿಕಾ ರೊಟ್ಟಿ ಮುರಿಯುತ್ತಲೇ ಕೂತಳು.

"ಇದ್ದಿಲಿ ಸಿಕ್ಕರ ಜಾಗ ಸಿಕ್ಕಂಗ. ಖರೇ. ಆದ್ರ ಸರಿಸಿದವ ಯಾರು, ಟೀಚರ್? ಮೇಡಂ ಎರಡೂ ಕೇಳ್ಯಾರ. ಗುರಣ್ಣನೇ ಇರ್ಬೇಕು."

"ಯಾಕ?"

"ಕಟ್ಟೆ ಧಾಬಾದ ಕಡೆ ಬರಬೇಕು ಅಂತ."

"ಹಂಗಿದ್ರ ಕಲ್ಲು ಧಾಬಾದ ಹಿಂದ ಇರ್ತಿತ್ತು. ಇಲ್ಲ, ಹಳ್ಳದಾಗ ಇರ್ತಿತ್ತು. ಅಂಬ್ರಪ್ಪನ ಹೊಲದಾಗs ಮಟ್ಟಸ ಕೂಡ್ಸಿ, ಭಂಡಾರ ಹಾಕಿ ಕೈ ಮುಗದು ಹೋಗೋ ದುಶ್ಮನ್ ಯಾರಿದ್ದಾರ, ಬೇಟಾ?"

ರಾಧಿಕಾ ತಟ್ಟೆ ಪಕ್ಕಕ್ಕೆ ಸರಿಸಿದಳು.

ಹೊರಗೆ ಬಸಲಿಂಗನ ದನಿ ಕೇಳಿಸಿತು. ಮಜೀದಾ ಟೀಚರ್ ಕಿಟಕಿಗೆ ಹೋದರು. ಬೀದಿಯಲ್ಲಿ ರಾಯಚೂರು ಕಡೆಯ ಪ್ರವಾಸಿ ಕುಟುಂಬವೊಂದು ನಿಂತಿತ್ತು. ಬಸಲಿಂಗ ಅವರೆದುರು ನಿಂತು, ಭುಜದ ಮೇಲಿಂದ ಹಿಂದಕ್ಕೆ ಕೈ ಚಾಚಿದ್ದ.

"ಅಗೋ, ಗುಡ್ಡದ ಮ್ಯಾಲ ನೋಡ್ರಿ. ಟೇಲರ್ ಮಂಜಿಲ್! ಬ್ರಿಟಿಷ್ ಸಾಹೇಬ ಕಟ್ಟಿಸಿದ್ದು. ಕಿಡಕಿ ನೋಡ್ರಿ, ಗಾಳಿ ಹೆಂಗ ಬರಬೇಕು! ಕಾಣಾಕತ್ತದಲ್ರಿ?"

ಕುಟುಂಬದ ಯಜಮಾನಿ ಕತ್ತು ಉದ್ದ ಮಾಡಿದಳು.

"ಲಾರಿ ಕಾಣಾಕತ್ತದಪ."

ಬಸಲಿಂಗನ ಬೆನ್ನ ಹಿಂದೆ ಹೊಟ್ಟಿನ ಲಾರಿ ಬಂದು ನಿಂತಿತ್ತು. ಗುಡ್ಡವೂ ಕಾಣದು, ಟೇಲರ್ ಮಂಜಿಲ್ ಕೂಡ ಕಾಣದು. ಅವನು ತಿರುಗಿ ನೋಡದೆಯೇ, "ಹಾಂ, ಅದರ ಬಾಜೂಕs ಮೆಟ್ಟಲ, ಮೆಟ್ಟಲ ಮುಂದ ಕಟ್ಟಿ," ಎಂದು ಮುಂದುವರಿಸಿದ.

ಬೀದಿಯೇ ನಕ್ಕಿತು. ರಾಧಿಕಾಳಿಗೂ ನಗು ತಡೆಯಲಾಗಲಿಲ್ಲ.

ಮಜೀದಾ ಟೀಚರ್ ಮಾತ್ರ ನಗಲಿಲ್ಲ. ತಲೆಯ ಮೇಲೆ ಸೆರಗೆಳೆದು ಛತ್ರಿ ಎತ್ತಿಕೊಂಡರು.

"ನಡಿ ಬೇಟಾ. ಸಿಕ್ಕ."

"ಯಾರು?"

"ಸಂಜಿಕ ಹೇಳ್ತೇನಿ. ಏನು ಕೆಡಸೇನಂತ ಅವನಿಗೇ ಇನ್ನೂ ಗೊತ್ತಿಲ್ಲ."

ಇಳಿಬಿಸಿಲಿಗೆ ಹೊಲ ಕೆಂಪಗಾಗಿತ್ತು. ಅಂಬ್ರಪ್ಪ ಬೆಳಗಿನಿಂದ ಅಲ್ಲೇ ಕುಳಿತಿದ್ದ. ಮಲ್ಕಪ್ಪ ಸಲಿಕೆ, ಹಾರೆ ಹೊತ್ತು ಬಂದ. ತಮಾಷೆ ನೋಡಲು ಗುರಣ್ಣನೂ ಬಂದ. ಜೀಪು ನಿಂತಿತು.

"ಹೇಳಿ," ಎಂದರು ನಂದಿನಿ ಮೇಡಂ. "ಯಾರು? ಎಲ್ಲಿ?"

"ಮೊದಲು ಯಾರು ಅಲ್ಲ ಅನ್ನೋದು ಹೇಳ್ತೇನಿ, ಮೇಡಂ." ಮಜೀದಾ ಟೀಚರ್ ಕಲ್ಲಿನ ಪಕ್ಕ ನಿಂತರು. "ಗುರಣ್ಣ ಅಲ್ಲ. ಕಲ್ಲು ನಮ್ಮ ದೊಡ್ಡಪ್ಪನ ಹೊಲದಾಗಿತ್ತು ಅನ್ನಾವ, ಅಲ್ಲಿಂದ ಕಿತ್ತು ಅಂಬ್ರಪ್ಪನ ಹೊಲಕ್ಕ ತಂದು ಇಡ್ತಾನೇನು? ತನ್ನ ಕಾಲಿಗೆ ತಾನೇ ಕೊಡ್ಲಿ ಹಾಕ್ಕೊಂಡಂಗ ಆತು."

"ಅದನ್ನs ಬೆಳಿಗ್ಗಿಂದ ಹೇಳಾಕತ್ತೇನಿ," ಎಂದ ಗುರಣ್ಣ.

"ನೀ ಬ್ಯಾರೆ ಸುಳ್ಳು ಹೇಳೀದಿ. ಅದರ ಪಾಳಿ ಬರ್ತದ, ನಿಲ್ಲು. ಮಲ್ಕಪ್ಪನೂ ಅಲ್ಲ. ಅವ ಇಟ್ಟಿದ್ರ ಕೆಳಗ ಇದ್ದಿಲಿ ಇರ್ತಿತ್ತು. ಇಲ್ಲಿ ಸಿಕ್ಕಿದ್ದು ಭಂಡಾರ. ಹಂಗಾದ್ರ ಕಲ್ಲಿನ ಕೆಲಸ ಗೊತ್ತಿಲ್ಲದಾವ. ಆದ್ರ ಕಲ್ಲಿನ ಮ್ಯಾಲ ಭಕ್ತಿ ಇದ್ದಾವ. ಕೆಡಸಬೇಕಂತ ಅಲ್ಲ, ಛಲೋ ಆಗ್ಲಿ ಅಂತ ಸರಿಸಿದಾವ."

"ಛಲೋ ಆಗಲಿ ಅಂತ ಬುದ್ಧ ಕಾಣದ ಕಡೆ ಇಟ್ಟನೆ?"

"ಅದೇ ಸವಾಲು, ಮೇಡಂ. ಇಲ್ಲಿ ನಿಂತ್ರ ಮೂಗು ಕಾಣಂಗಿಲ್ಲ. ಕಣ್ಣಿದ್ದ ಯಾರಿಗಾದ್ರೂ ಒಂದು ಸಲ ನೋಡಿದ್ರ ಗೊತ್ತಾಗ್ತದ. ಅವಗ ಯಾಕ ಗೊತ್ತಾಗಲಿಲ್ಲ? ಯಾಕಂದ್ರ — ಅವ ನೋಡೇ ಇಲ್ಲ."

ಅವರು ತಟ್ಟನೆ ತಿರುಗಿದರು.

"ಬಸಲಿಂಗಾ, ಬಾ ಇಲ್ಲಿ. ಮೇಡಂಗೆ ಬುದ್ಧನ್ನ ತೋರ್ಸು."

ಬಸಲಿಂಗನ ಮುಖ ಅರಳಿತು. ಕಲ್ಲು ಹತ್ತಿದ. ಜನರತ್ತ ಮುಖ, ಗುಡ್ಡದತ್ತ ಬೆನ್ನು. ಕೈ ಭುಜದ ಮೇಲಿಂದ ಹಿಂದಕ್ಕೆ ಹೋಯಿತು.

"ಇದು ಹಣಿ. ಇದು ಮೂಗು. ಇದು —"

"ಹಂಗಲ್ಲ. ತಿರುಗಿ ನಿಂತು ತೋರ್ಸು."

"ತಿರುಗಿ ಯಾಕ್ರೀ ಟೀಚರಮ್ಮ? ಬೆನ್ನು ಹಾಕಿ ಮಾತಾಡಿದ್ರ ಮಂದಿಗೆ ಅವಮಾನ ರೀ. ನಾ ಯಾವಾಗ್ಲೂ —"

"ಯಾವಾಗ್ಲೂ ಮಂದಿ ಕಡೆ ಮಾರಿ, ಗುಡ್ಡದ ಕಡೆ ಬೆನ್ನು. ಗೊತ್ತು. ಬೆಳಿಗ್ಗೆ ನಾವೆಲ್ಲ ಬುದ್ಧ ಇಲ್ಲಂತ ಒದ್ರಾಕತ್ತಾಗ, ಗುಡ್ಡದ ಕಡೆ ತಿರುಗದಾವ ನೀ ಒಬ್ಬನೇ. ಸುರಪುರದಾಗ ಲಾರಿಗೆ ಮಂಜಿಲ್ ಅಂದಾವನೂ ನೀನೇ. ಈಗ ತಿರುಗು."

ಬಸಲಿಂಗ ತಿರುಗಿದ.

ಚಾಚಿದ ಕೈ ಹಾಗೇ ಉಳಿಯಿತು. ಬೆರಳು ಮೂಗು ಇರಬೇಕಾದ ಕಡೆಗೆ ನೆಟ್ಟಿತ್ತು. ಅಲ್ಲಿ ಆಕಾಶವಿತ್ತು. ಅವನು ಒಂದು ಹೆಜ್ಜೆ ಎಡಕ್ಕೆ ಇಟ್ಟ, ಒಂದು ಹೆಜ್ಜೆ ಬಲಕ್ಕೆ ಇಟ್ಟ. ಕಣ್ಣುಜ್ಜಿಕೊಂಡ.

"ಅಯ್ಯಯ್ಯ… ಮೂಗು ಎಲ್ಲಿ ಹೋತ್ರೀ?"

"ನೀನೇ ಎಳಕೊಂಡು ಬಂದೀಯಲ್ಲೋ. ಸೀಟಿನ ಕೆಳಗಿನ ಹಗ್ಗಕ್ಕ ಈ ಹೊಲದ್ದೇ ಮಣ್ಣು ಹತ್ತ್ಯದ. ಕಲ್ಲಿನ ಮೂಲ್ಯಾಗ ಆ ಹಗ್ಗದ್ದೇ ಗುರುತದ. ಕನ್ನಡಿಗೆ ತೂಗಬಿಟ್ಟ ಚೀಲದಾಗಿನ ಭಂಡಾರ ಈ ಕಲ್ಲಿನ ಕೆಳಗದ. ಸುಳ್ಳೇನು?"

ಬಸಲಿಂಗ ಕಲ್ಲಿನ ಮೇಲಿಂದ ಇಳಿದು ನೆಲಕ್ಕೆ ಕುಳಿತ.

"ಖರೇ ರೀ."

"ಯಾಕೆ?" ನಂದಿನಿ ಮೇಡಂ ಕೇಳಿದರು.

"ಹೋದ ವಾರ ಕಲಬುರಗಿ ಕಡೆಯಾಕಿ ಒಬ್ಬಾಕಿ ಮುದುಕಿ ಬಂದಿದ್ಳ್ರೀ. ಜಿಂದಗಿದಾಗ ಒಮ್ಮೆ ಬುದ್ಧನ್ನ ನೋಡ್ಬೇಕಂತ. ಮಳಿ ಆಗಿತ್ತು, ಎರಿ ಮಣ್ಣು. ರಸ್ತಾ ಬಿಟ್ಟು ಇಳೀತಿದ್ದಂಗ ಕಾಲು ಹುಗದ್ವು. ನೋಡ್ಲಾರದ ಹೊಳ್ಳಿ ಹೋದ್ಳು. ಹೋಗೂ ಮುಂದ ಅತ್ತಳ್ರೀ. ಮತ್ತ — ಸುಳ್ಳ್ಯಾಕ, ನನ್ನ ಗಾಡಿ ಹತ್ತಿದ ಮಂದಿ ಕೆಸರಂತ ತಿರಗಿ ಹೋದ್ರ ನನಗೂ ಲುಕ್ಸಾನು. ಮರುದಿನ ಹೊತ್ತು ಮೂಡೂದ್ರಾಗ ಹಗ್ಗ ಕಟ್ಟಿ ರಸ್ತಾದ ಮ್ಯಾಲಿಂದ ಗಾಡೀಲೆ ಎಳದೆ. ಕೆಸರಾಗ ಬೆಣ್ಣಿಯಂಗ ಜಾರಿ ಬಂತು. ಕೈ ಮುಗದು ಭಂಡಾರ ಹಾಕಿ ಕೂಡ್ಸಿದೆ."

"ಮೂಗು ಇಲ್ಲದ್ದು ಕಂಡ ಮೇಲಾದರೂ ಬೆಳಿಗ್ಗೆ ಹೇಳಬಹುದಿತ್ತಲ್ಲ?"

"ಕಂಡಿದ್ರ ಹೇಳ್ತಿದ್ದೆನ್ರಿ! ಅಷ್ಟು ದೊಡ್ಡ ಗುಡ್ಡ, ಕಲ್ಲು ಜರಾ ಸರಸಿದ್ದಕ್ಕ ಎಲ್ಲಿ ಹೋಗ್ತದ ಅಂತ ನಾ ಅಂದ್ಕೊಂಡಿದ್ದೆ. ಮಂಜು ಇರ್ಬೇಕು ಅಂದೆ. ನೀವು ಪೊಲೀಸ್ ಅಂದ್ರಿ, ನನ್ನ ಬಾಯಿ ಕಟ್ತು."

ಅಂಬ್ರಪ್ಪ ಅವನ ಮುಂದೆ ಬಂದು ನಿಂತ. ಬಸಲಿಂಗ ತಲೆ ಎತ್ತಲಿಲ್ಲ.

"ನಮ್ಮಪ್ಪನ ಕಲ್ಲು. ನನ್ನ ಒಂದು ಮಾತು ಕೇಳ್ಬೇಕಿತ್ತು, ತಮ್ಮಾ."

"ತಪ್ಪಾತು, ಕಾಕಾ. ಕಾಲು ಹಿಡೀತೇನಿ."

"ಕಾಲು ಬ್ಯಾಡ. ಕಲ್ಲು ಹಿಡಿ. ಇದ್ದಲ್ಲಿ ಮುಟ್ಟಿಸು."

"ಎಲ್ಲಿತ್ತು ಅದು?" ಗುರಣ್ಣ ನಡುವೆ ಬಾಯಿ ಹಾಕಿದ. "ಅದನ್ನ ಹೇಳ್ರಿ ಮೊದಲು. ಒಡ್ಡಿನ ಆಚೆ!"

"ಅದನ್ನ ಬುದ್ಧನೇ ಹೇಳ್ತಾನ," ಎಂದರು ಮಜೀದಾ ಟೀಚರ್. "ರಾಧಿಕಾ, ಒಳಗ ನಡಿ. ಕಾಲು ನೋಡಬ್ಯಾಡ. ಗುಡ್ಡ ನೋಡಿಕೋತ ನಡಿ."

ರಾಧಿಕಾ ನಡೆದಳು. ಎಲ್ಲರೂ ಅವಳ ಹಿಂದೆ. ಹೆಜ್ಜೆ ಹೆಜ್ಜೆಗೆ ಗುಡ್ಡಗಳು ಒಂದರ ಹಿಂದಿನಿಂದ ಒಂದು ಜರುಗತೊಡಗಿದವು. ಹಣೆಯ ಹಿಂದಿನಿಂದ ಗುಡ್ಡದ ತುದಿಯೊಂದು ಮೇಲೆದ್ದಿತು. ಬೆಳೆಯಿತು. ಗದ್ದದ ಕಡೆಗೆ ಸರಿಯಿತು. ಒಡ್ಡಿಗೆ ಇನ್ನೂ ತುಸು ದೂರವಿರುವಾಗ ಅವಳು ನಿಂತುಬಿಟ್ಟಳು.

"ಇಲ್ಲಿ!"

"ಇನ್ನೂ ಮುಂದ ಹೋಗಿ ನೋಡು," ಎಂದರು ಟೀಚರ್.

ಅವಳು ಒಡ್ಡು ಹತ್ತಿ ಆಚೆ ಇಳಿದಳು. ತಲೆಯಲ್ಲಾಡಿಸಿದಳು. "ಇಲ್ಲ ಟೀಚರ್. ಇಲ್ಲಿ ಮೂಗು ಹೋಗಿ ಗದ್ದಕ್ಕ ಅಂಟ್ತದ."

"ವಾಪಸ್ ಬಾ. ಮಲ್ಕಪ್ಪಾ, ಅಕಿ ನಿಂತಲ್ಲೇ ಅಗಿ."

ಸಲಿಕೆ ಇಳಿಯಿತು. ಮೇಲಿನ ಹಸಿ ಮಣ್ಣು ಬಂತು. ಮತ್ತೆ ಬರೀ ಮಣ್ಣು. ಗುರಣ್ಣ ಕೆಮ್ಮಿದ. ಅಂಬ್ರಪ್ಪ ಮಣ್ಣಿನ ಹೆಂಟೆಯೊಂದನ್ನು ಒಡೆದು ನೋಡಿದ. ಮಲ್ಕಪ್ಪ ತುಸು ಪಕ್ಕಕ್ಕೆ ಸರಿದು ಮತ್ತೆ ಸಲಿಕೆ ಹಾಕಿದ. ಕರಕ್ ಎಂದಿತು.

ಅವನು ಬಗ್ಗಿ, ಮಣ್ಣೊಳಗಿಂದ ಕಪ್ಪು ಚೂರೊಂದನ್ನು ಎತ್ತಿ, ಅಂಗೈ ಮೇಲಿಟ್ಟು ಒತ್ತಿದ. ಕೈಯೆಲ್ಲ ಕಪ್ಪಾಯಿತು.

"ಇದ್ದಿಲಿ!" ಮಲ್ಕಪ್ಪ ಕೂಗಿದ. "ನಮ್ಮಪ್ಪನ ಕೈ ರೀ ಇದು! ನೋಡ್ರಿ, ಚೌಕ ಹಾಸ್ಯಾನ!"

ಸಲಿಕೆ ತೆರೆದಂತೆಲ್ಲ ಇದ್ದಿಲಿನ ಹಾಸು ಕಂಡಿತು. ಚಪ್ಪಡಿಯಷ್ಟೇ ಅಗಲ. ಒಡ್ಡಿನ ಈಚೆ, ಪೂರ್ತಿಯಾಗಿ ಅಂಬ್ರಪ್ಪನ ಹೊಲದಲ್ಲಿ.

"ಗುರಣ್ಣ, ನಿಮ್ಮ ದೊಡ್ಡಪ್ಪನ ಹೊಲ ಎಲ್ಲಿ ಶುರು ಆಗ್ತದ?" ಮಜೀದಾ ಟೀಚರ್ ಕೇಳಿದರು.

ಗುರಣ್ಣ ಗಲ್ಲ ಕೆರೆದುಕೊಂಡ. "ಆಚೇರಿ… ಒಡ್ಡಿನ ಆಚೆ. ನಾ ಹಂಗs ಅಂದಾಜಿಲೆ ಅಂದಿದ್ದೆ." ಆಮೇಲೆ ತಾನೇ ನಕ್ಕುಬಿಟ್ಟ. "ಗಲತ್ ಆತ್ರೀ. ಚಾ ನನ್ನ ಕಡೆಯಿಂದ, ಎಲ್ಲರಿಗೂ."

ಚಪ್ಪಡಿ ಎತ್ತಲು ಎಲ್ಲರೂ ಕೈ ಹಾಕಿದರು. ಬಸಲಿಂಗ ಮುಂದಿನ ಮೂಲೆ ಹಿಡಿದ, ಗುರಣ್ಣ ಹಿಂದಿನದು. ಜೀಪಿನ ಚಾಲಕನೂ ಬಂದ. ಮಲ್ಕಪ್ಪ ಇದ್ದಿಲಿನ ಮೇಲೆ ಮಟ್ಟ ನೋಡಿ ಕೂರಿಸಿದ. ಅಂಬ್ರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಲ್ಲು ಒರೆಸಿ ಪಕ್ಕಕ್ಕೆ ಸರಿದು ನಿಂತ.

"ಹತ್ರಿ ಮೇಡಂ."

ನಂದಿನಿ ಮೇಡಂ ಚಪ್ಪಲಿ ಬಿಟ್ಟು ಹತ್ತಿದರು.

ಗುಡ್ಡಗಳ ಮೇಲೆ ಕೊನೆಯ ಬಿಸಿಲು ಹರಿದಿತ್ತು. ಹಣೆ. ಮೂಗು. ಮುಚ್ಚಿದ ತುಟಿ. ಗದ್ದ. ಏರಿ ಇಳಿದ ಎದೆ. ಹೊಲ, ರಸ್ತೆ, ಜಗಳ ಯಾವುದರ ಗೊಡವೆಯೂ ಇಲ್ಲದೆ ಆಕಾಶ ನೋಡುತ್ತ ಬುದ್ಧ ಮಲಗಿದ್ದ.

ಮೇಡಂ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಈ ಸಲ ಕನ್ನಡಕ ಒರೆಸಲಿಲ್ಲ.

"ರಾಧಿಕಾ, ಕಟ್ಟೆ ಇಲ್ಲೇ," ಎಂದರು. "ಈ ಕಲ್ಲು ಅಲುಗಬಾರದು. ಇದರ ಸುತ್ತಲೇ ಕಟ್ಟೋಣ. ಇನ್ನೊಂದು ಮಾತು ಸೇರಿಸಿ. ರಸ್ತೆಯಿಂದ ಇಲ್ಲಿವರೆಗೆ ಕಲ್ಲು ಹಾಸಿದ ದಾರಿ. ಮಳೆಗಾಲದಲ್ಲೂ ಮುದುಕಿಯರು ನಡೆದು ಬರುವಂಥದ್ದು. ಅಂಬ್ರಪ್ಪನವರೇ, ದಾರಿಗೆ ಜಾಗ ಬಿಡ್ತೀರಾ?"

"ಕಲ್ಲಿಗೆ ಬಿಟ್ಟಾವ ದಾರಿಗೆ ಬಿಡಂಗಿಲ್ಲೇನ್ರಿ?"

ರಾಧಿಕಾ ಮಜೀದಾ ಟೀಚರ್ ಕೈ ಹಿಡಿದು ಕುಣಿಯುವುದೊಂದು ಬಾಕಿ. ಟೀಚರ್ ಛತ್ರಿಯಿಂದ ಅವಳ ಕಾಲಿಗೆ ಮೆಲ್ಲಗೆ ತಟ್ಟಿದರು. "ವರದಿ ಬರೆಯೋ ಮುಂದ ಮತ್ತೊಮ್ಮೆ ನಿಂತು ನೋಡು, ಬೇಟಾ. ಬೆಳಿ ಇದ್ದಾಗೊಮ್ಮೆ, ಇಲ್ಲದಾಗೊಮ್ಮೆ."

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸೊಂದು ನಿಂತು, ಗುಂಪಾಗಿ ಜನ ಇಳಿದು ಹೊಲದತ್ತ ಬಂದರು. ಯಾರೋ ಕೇಳಿದರು, "ಬುದ್ಧ ಕಾಣೋ ಜಾಗ ಇದೇನ್ರಿ?"

"ಇದೇ, ಬರ್ರಿ ಬರ್ರಿ!" ಬಸಲಿಂಗ ಅಭ್ಯಾಸದಂತೆ ಅವರ ಮುಂದೆ ಹೋಗಿ ನಿಂತ. ಕೈ ಭುಜದ ಮೇಲಿಂದ ಹಿಂದಕ್ಕೆ ಹೊರಟಿತು. "ಇದು ಹಣಿ. ಇದು…"

ಅವನು ಮಜೀದಾ ಟೀಚರ್ ಮುಖ ನೋಡಿದ. ಕೈ ಇಳಿಸಿದ. ಬಂದವರನ್ನು ಕಲ್ಲಿಗೆ ಹತ್ತಿಸಿ, ತಾನು ಅವರ ಪಕ್ಕಕ್ಕೆ ಬಂದು, ಗುಡ್ಡದ ಕಡೆ ಮುಖ ಮಾಡಿ ನಿಂತ. 

"ಮುಂದ ಹೇಳ್ರಿ," ಎಂದಿತು ಗುಂಪು. "ಅದರ ಮುಂದ ಏನು?"

"ತಡೀರಿ," ಎಂದ ಬಸಲಿಂಗ. "ನಾನೂ ಈಗs ನೋಡಾಕತ್ತೇನಿ."